ಎರಡು ಕರ್ಟನ್ ವಾಲ್: ಮಾಲೇಗಾಂವ್ ಕೋಟೆ ಮತ್ತು ನಾನು ಬಿಟ್ಟ ನಾಲ್ಕು ಮಿಲಿಮೀಟರ್

ಪುಣೆ, ಹೈದರಾಬಾದ್, ಡಲ್ಲಾಸ್, ಡಬ್ಲಿನ್, ಎಲ್ಲಿ ಕೂತು ಕೇಳ್ತಿದ್ದೀರೋ ಗೊತ್ತಿಲ್ಲ. ಆದ್ರೆ ನಿಮ್ಮಲ್ಲಿ ತುಂಬಾ ಜನರ ಆಫೀಸಿನ ಹೊರಗೋಡೆ ಗಾಜಿನದ್ದೇ ಇರುತ್ತೆ. ಇವತ್ತು ಆ ಗೋಡೆಯ ಇತಿಹಾಸ. ಶುರು ಮಾಡೋದು ನನ್ನದೇ ಒಂದು ತಪ್ಪಿನಿಂದ.

ನಾನು ಪುಣೆಯಲ್ಲಿ ಕಟ್ಟಡಗಳ ತ್ರೀ-ಡಿ ಮಾಡೆಲಿಂಗ್ ಮಾಡೋನು. ಕೆಲವು ವರ್ಷದ ಹಿಂದೆ ಮಾಲೇಗಾಂವ್‌ನ ಒಂದು ಬಟ್ಟೆ ಶೋರೂಮಿಗೆ ಮೂರು ಮಹಡಿಯ ಗಾಜಿನ ಮುಂಭಾಗ ಮಾಡಬೇಕಿತ್ತು. ಸಾಫ್ಟ್‌ವೇರ್‌ನಲ್ಲಿ ಕರ್ಟನ್ ವಾಲ್ ಎಳೆದೆ, ಗ್ರಿಡ್ ಹಾಕಿದೆ. ಫ್ರೇಮ್‌ಗೆ ಬಂದಾಗ ಡಿಫಾಲ್ಟ್ ಏನಿತ್ತೋ ಅದನ್ನೇ ಬಿಟ್ಟೆ. ನಿಂತ ಪಟ್ಟಿ ಅಂದ್ರೆ ಮಲಿಯನ್, ಅಡ್ಡ ಪಟ್ಟಿ ಅಂದ್ರೆ ಟ್ರಾನ್ಸಮ್, ಅಂಚಿನದು ಬೌಂಡರಿ. ಮೂರಕ್ಕೂ ಒಂದೇ ಅಳತೆ. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣ್ತಿತ್ತು, ಡ್ರಾಯಿಂಗ್ ಕಳಿಸಿಬಿಟ್ಟೆ.

ಎರಡು ವಾರಕ್ಕೆ ಅಲ್ಯೂಮಿನಿಯಂ ಕೆಲಸದ ಚಾಚಾ ಫೋನ್ ಮಾಡಿದ್ರು. ಕೇಳಿದ್ದು ಒಂದೇ ಮಾತು: "ಸಾಬ್, ಗ್ಯಾಪ್ ಕಹಾಂ ಹೈ?"

ನನಗೆ ಅರ್ಥ ಆಗಲಿಲ್ಲ. ಬಸ್ ಹತ್ತಿ ಹೋದೆ. ಏಪ್ರಿಲ್ ತಿಂಗಳು, ಮಾಲೇಗಾಂವ್‌ನಲ್ಲಿ ಆಗ 42 ಡಿಗ್ರಿ ಅನ್ನೋದು ಸಾಮಾನ್ಯ. ಚಾಚಾ ನನ್ನ ಕೈ ಹಿಡಿದು ಬಿಸಿಲಲ್ಲಿದ್ದ ಒಂದು ಮಲಿಯನ್ ಮೇಲೆ ಇಟ್ರು. ಕಾದ ಹಂಚು! ಥಟ್ ಅಂತ ಕೈ ತೆಗೆದೆ.

ಲೆಕ್ಕ ಹೀಗಿದೆ. ಒಂದು ಮೀಟರ್ ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಸುಮಾರು 0.023 ಮಿಲಿಮೀಟರ್ ಉದ್ದ ಆಗುತ್ತೆ. ಚಳಿಗಾಲದ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಲೋಹದ ಬಿಸಿ 50 ಡಿಗ್ರಿ ಏರಿದ್ರೆ, 3.6 ಮೀಟರ್ ಮಲಿಯನ್ 4 ಮಿಲಿಮೀಟರ್ ಬೆಳೆಯುತ್ತೆ. ಅದೇ ಉದ್ದದ ಗಾಜು ಬೆಳೆಯೋದು ಒಂದೂವರೆ ಮಿಲಿಮೀಟರ್ ಚಿಲ್ಲರೆ. ಅದಕ್ಕೇ ಮಹಡಿಗೊಂದು ಕಡೆ ಮಲಿಯನ್ ತುಂಡು ಮಾಡಿ, ಒಳಗೆ ಸ್ಲೀವ್ ಕೂರಿಸಿ, ಮಧ್ಯೆ ಸಂದು ಬಿಡ್ತಾರೆ. ನನ್ನ ಡ್ರಾಯಿಂಗ್‌ನಲ್ಲಿ ಮೂರು ಮಹಡಿಗೂ ಒಂದೇ ಕಂಬಿ, ಸಂದೇ ಇರಲಿಲ್ಲ. ಹಾಗೇ ಕಟ್ಟಿದ್ರೆ ಫ್ರೇಮ್ ಸೊಟ್ಟಗಾಗಿ ಗಾಜನ್ನ ಒತ್ತುತ್ತಿತ್ತು. ಕೆಳಗೆ ಫುಟ್‌ಪಾತ್, ಹಣ್ಣಿನ ಗಾಡಿಗಳು, ಸ್ಕೂಲ್ ಮಕ್ಕಳು. ನೆನೆಸಿಕೊಂಡ್ರೆ ಈಗಲೂ ಬೆವರು ಬರುತ್ತೆ.

ಅವತ್ತು ಸಂಜೆ ಮನಸ್ಸು ತಡೀಲಿಲ್ಲ, ಮೋಸಂ ನದಿ ಪಕ್ಕದ ಕೋಟೆ ಕಡೆ ನಡೆದೆ. ಪೇಶ್ವೆಗಳ ಸರದಾರ ನಾರೋ ಶಂಕರ್ ಸುಮಾರು 1740ರಲ್ಲಿ ಕಟ್ಟಿಸಿದ ನೆಲಗೋಟೆ ಅದು. ತಮಾಷೆ ನೋಡಿ, ಕೋಟೆಯಲ್ಲಿ ಒಂದು ಬುರುಜಿನಿಂದ ಇನ್ನೊಂದು ಬುರುಜಿಗೆ ಇರೋ ಗೋಡೆಗೂ ಇಂಗ್ಲಿಷಿನಲ್ಲಿ ಕರ್ಟನ್ ವಾಲ್ ಅಂತಲೇ ಹೆಸರು. 1818ರ ಮೇ-ಜೂನ್‌ನಲ್ಲಿ ಕಂಪನಿ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕ್ತು. ಒಳಗಿದ್ದ ಅರಬ್ ಸೈನಿಕರು ವಾರಗಟ್ಟಲೆ ತಡೆದು ನಿಂತ್ರು. ಕೊನೆಗೆ ಕೋಟೆಯೊಳಗಿನ ಮದ್ದಿನಮನೆ ಸಿಡಿದು, ಗೋಡೆಯ ಒಂದು ಭಾಗ ಕಂದಕಕ್ಕೆ ಬಿತ್ತು. ಅದಾದ ಮೇಲೆ ಶರಣಾದ್ರು. ಆ ಕರ್ಟನ್ ವಾಲ್ ಬಿದ್ರೆ ಊರೇ ಹೋಯ್ತು ಅಂತ ಲೆಕ್ಕ.

ನಮ್ಮ ಗಾಜಿನ ಕರ್ಟನ್ ವಾಲ್ ಮಹಡಿಯ ಭಾರ ಹೊರೋದೇ ಇಲ್ಲ. ತನ್ನ ತೂಕ ಮತ್ತು ಗಾಳಿಯ ಒತ್ತಡವನ್ನ ಮಾತ್ರ ಕಟ್ಟಡಕ್ಕೆ ದಾಟಿಸುತ್ತೆ, ಪರದೆ ಹಾಗೆ ನೇತಾಡುತ್ತೆ. ಇದರ ಮೂಲ 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಜೋಸೆಫ್ ಪ್ಯಾಕ್ಸ್‌ಟನ್ ಕಂಬಗಳನ್ನ 24 ಅಡಿಯ ಗ್ರಿಡ್‌ನಲ್ಲಿ ನಿಲ್ಲಿಸಿ, ಒಂದೇ ಅಳತೆಯ ಸುಮಾರು ಮೂರು ಲಕ್ಷ ಗಾಜು ಕೂರಿಸಿದ. ಅದರ ಮೊಮ್ಮಗಳು ನಮ್ಮ ಬೆಂಗಳೂರಲ್ಲೇ ಇದ್ದಾಳೆ: 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗ್ ಗಾಜಿನ ಮನೆ. ಅದರ ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಜೊತೆ ಮೇಲಿನ ಫ್ರೇಮ್‌ಗಳನ್ನೂ ಒಮ್ಮೆ ನೋಡಿ. 1952ರ ಹೊತ್ತಿಗೆ ನ್ಯೂಯಾರ್ಕಿನ ಲೀವರ್ ಹೌಸ್ ಗಾಜನ್ನೇ ಆಫೀಸಿನ ಯೂನಿಫಾರ್ಮ್ ಮಾಡ್ತು.

ನನ್ನಂಥ ತಪ್ಪು ದೊಡ್ಡವರೂ ಮಾಡಿದ್ದಾರೆ. 1973ರಲ್ಲಿ ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಟವರ್‌ನಿಂದ ಗಾಜುಗಳು ಕಳಚಿ ಬೀಳೋಕೆ ಶುರುವಾಯ್ತು. ಒಂದೊಂದೂ 200 ಕೆಜಿಗಿಂತ ಭಾರ. ಖಾಲಿ ಜಾಗಕ್ಕೆ ಪ್ಲೈವುಡ್ ಹೊಡೆದ್ರು, ಕೊನೆಗೆ 10,344 ಗಾಜುಗಳನ್ನೂ ಬದಲಾಯಿಸಬೇಕಾಯ್ತು. ಕಾರಣ ಏನು? ಜೋಡಿ ಗಾಜಿನ ಅಂಚಿನ ಸೀಸದ ಬೆಸುಗೆ ತೀರಾ ಬಿಗಿ ಇತ್ತು. ಅಲುಗೋಕೆ ಜಾಗ ಕೊಡಲಿಲ್ಲ, ಗಾಜೇ ಒಡೀತು.

ಈಗ ಸಾಫ್ಟ್‌ವೇರ್ ಕಥೆ. ಬುಡಾಪೆಸ್ಟ್‌ನಲ್ಲಿ 1982ರಲ್ಲಿ ಶುರುವಾದ ಗ್ರಾಫಿಸಾಫ್ಟ್, ತನ್ನ ಆರ್ಕಿಕ್ಯಾಡ್ 12ರಲ್ಲಿ, ಅಂದ್ರೆ 2008ರಲ್ಲಿ, ಕರ್ಟನ್ ವಾಲ್‌ಗೆ ಪ್ರತ್ಯೇಕ ಟೂಲ್ ಕೊಟ್ಟಿತು. ನಕ್ಷೆಗಾರ ಒಂದೊಂದೇ ಎಳೀತಿದ್ದ ಪಟ್ಟಿಗಳನ್ನ ನಾವೀಗ ನಾಲ್ಕು ಕ್ಲಿಕ್‌ಗೆ ಇಡ್ತೀವಿ. ಕೈಯಿಂದ ಎಳೆಯುವಾಗ ಪ್ರತಿ ಜೋಡಣೆಯ ಹತ್ತಿರವೂ ಪೆನ್ಸಿಲ್ ನಿಲ್ಲಬೇಕಿತ್ತು, ಆಗ ಪ್ರಶ್ನೆಯೂ ಏಳ್ತಿತ್ತು. ಡಿಫಾಲ್ಟ್‌ಗೆ ಆ ಪ್ರಶ್ನೆ ಕೇಳೋ ಅಭ್ಯಾಸ ಇಲ್ಲ.

ಅವತ್ತಿನಿಂದ ನಾನು ಕ್ರಮ ಬದಲಿಸಿದೆ. ಮೊದಲು ಫ್ಯಾಬ್ರಿಕೇಟರ್ ಹತ್ತಿರ ನಿಜವಾದ ಸೆಕ್ಷನ್‌ನ ಅಳತೆ ಕೇಳ್ತೀನಿ, ಅದನ್ನೇ ಫ್ರೇಮ್ ಪ್ರೊಫೈಲ್ ಮಾಡ್ತೀನಿ. ಮಲಿಯನ್, ಟ್ರಾನ್ಸಮ್, ಬೌಂಡರಿ ಮೂರಕ್ಕೂ ಬೇರೆ ಬೇರೆ ಸೆಟ್ಟಿಂಗ್. ಗಾಜು ಫ್ರೇಮಿನೊಳಗೆ ಎಷ್ಟು ಕೂರುತ್ತೆ, ಸುತ್ತ ಎಷ್ಟು ಸಡಿಲ ಇದೆ ಅಂತ ನೋಡ್ತೀನಿ. ಮಹಡಿಯ ಹತ್ತಿರದ ಸಂದನ್ನ ಮಾಡೆಲ್‌ನಲ್ಲಿ ತೋರಿಸೋಕೆ ಆಗದಿದ್ರೆ ಡೀಟೇಲ್ ಡ್ರಾಯಿಂಗ್‌ನಲ್ಲಿ ಬರೀತೀನಿ.

ಆ ಶೋರೂಮ್ ಈಗಲೂ ಇದೆ, ಗಾಜೂ ಗಟ್ಟಿಯಾಗಿದೆ. ಅದರ ಪುಣ್ಯ ಚಾಚಾಗೆ ಸೇರಬೇಕು. ಅವರು ಮಾಡೆಲ್ ಓಪನ್ ಮಾಡಿರಲೇ ಇಲ್ಲ, ಪ್ರಿಂಟ್ ನೋಡಿಯೇ ಹಿಡಿದ್ರು. ನಿಮ್ಮ ಡ್ರಾಯಿಂಗ್ ನೋಡಿ ಸೈಟಿನಿಂದ ಯಾರಾದ್ರೂ ಫೋನ್ ಮಾಡಿದ್ರೆ, ದಯವಿಟ್ಟು ಎತ್ತಿ.