ಹತ್ತು ಕಾರ್ಡು, ಒಂದು ಗೇಟು: ಜಪಾನಿನ ರೈಲು ಟಿಕೆಟ್ಟಿನ ಕತೆ

ಕಾಸರಗೋಡಿನಲ್ಲಿ ಕೊಂಡ ರೈಲು ಟಿಕೆಟ್ಟು ಮುಂಬಯಿಯವರೆಗೂ ನಡೆಯುತ್ತದೆ. ನಡುವೆ ಕೊಂಕಣ ರೈಲ್ವೆ ಎಂಬ ಬೇರೆ ನಿಗಮ ಕಟ್ಟಿದ ಹಳಿ ಬರುತ್ತದೆ ಎಂದು ನಾವು ಯೋಚಿಸುವುದೂ ಇಲ್ಲ. ಆದರೆ ಒಬ್ಬರು ಕೊಟ್ಟ ಟಿಕೆಟ್ಟನ್ನು ಇನ್ನೊಬ್ಬರು ಒಪ್ಪುವುದು ತಾನಾಗಿಯೇ ಆದದ್ದಲ್ಲ. ಅದರ ಹಿಂದೆ ದೊಡ್ಡ ಲೆಕ್ಕಾಚಾರದ ಚರಿತ್ರೆಯಿದೆ.

ಮೊದಲು ಈ ತೊಡಕನ್ನು ಕಂಡದ್ದು ಇಂಗ್ಲೆಂಡು. ಅಲ್ಲಿ ಒಂದೊಂದು ಮಾರ್ಗಕ್ಕೆ ಒಂದೊಂದು ಕಂಪನಿ. ಪ್ರಯಾಣಿಕ ಮೂರು ಕಂಪನಿಗಳ ಹಳಿ ದಾಟಿದರೆ ಹಣ ಯಾರಿಗೆ ಎಷ್ಟು? ಇದನ್ನು ಬಗೆಹರಿಸಲು 1842ರಲ್ಲಿ ಲಂಡನ್ನಿನಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಹುಟ್ಟಿತು. ಅಲ್ಲಿನ ಗುಮಾಸ್ತರು ದೂರ ನೋಡಿ ಹಣ ಹಂಚುತ್ತಿದ್ದರು. ಅವರ ಕೆಲಸ ಹಗುರ ಮಾಡಿದ್ದು ಥಾಮಸ್ ಎಡ್ಮಂಡ್‌ಸನ್ ರೂಪಿಸಿದ ನಂಬರು ಹಾಕಿದ ರಟ್ಟಿನ ಟಿಕೆಟ್ಟು. ನಮ್ಮ ಸ್ಟೇಶನ್ನುಗಳಲ್ಲೂ ಬಹುಕಾಲ ಇದ್ದದ್ದು ಅದೇ ಗಟ್ಟಿ ರಟ್ಟು.

ಈಗ ರಟ್ಟಿನ ಜಾಗಕ್ಕೆ ಚಿಪ್ಪಿರುವ ಕಾರ್ಡು ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ. ಇದಕ್ಕೆ ಜಪಾನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜಪಾನಿನ ಸರಕಾರಿ ರೈಲ್ವೆಯನ್ನು 1987ರ ಏಪ್ರಿಲ್ 1ರಂದು ಒಡೆದು ಆರು ಪ್ರಯಾಣಿಕ ಕಂಪನಿ, ಒಂದು ಸರಕು ಸಾಗಣೆ ಕಂಪನಿ ಮಾಡಿದರು. ಇವುಗಳ ಜತೆಗೆ ನಗರಗಳಲ್ಲಿ ಖಾಸಗಿ ರೈಲು, ಸುರಂಗ ರೈಲುಗಳು ಬೇರೆ. 2001ರ ನವೆಂಬರಿನಲ್ಲಿ ಪೂರ್ವ ಜಪಾನ್ ರೈಲ್ವೆ 'ಸುಯಿಕಾ' ಕಾರ್ಡು ತಂದಿತು. ಒಳಗಿದ್ದದ್ದು ಸೋನಿ ಕಂಪನಿಯ ಫೆಲಿಕಾ ಚಿಪ್ಪು. ಗೇಟಿಗೆ ಮುಟ್ಟಿಸಿದ ಕೂಡಲೇ ಅದನ್ನು ಓದಿ, ಹಣ ಕಳೆದು, ಉಳಿದದ್ದನ್ನು ಮತ್ತೆ ಕಾರ್ಡಿನಲ್ಲಿ ಬರೆಯುವ ಕೆಲಸ ಸುಮಾರು 0.2 ಸೆಕೆಂಡಿನಲ್ಲಿ ಮುಗಿಯಬೇಕಿತ್ತು. ಇಲ್ಲವಾದರೆ ಟೋಕಿಯೋದ ಬೆಳಗಿನ ನೂಕುನುಗ್ಗಲಿನಲ್ಲಿ ಗೇಟುಗಳೇ ಕಟ್ಟಿಹೋಗುತ್ತಿದ್ದವು.

2003ರಲ್ಲಿ ಪಶ್ಚಿಮದ ಕಂಪನಿ 'ಇಕೋಕಾ' ತಂದಿತು. ಒಸಾಕಾ ಕಡೆಯ ಆಡುಮಾತಿನಲ್ಲಿ ಇದಕ್ಕೆ 'ಹೋಗೋಣವೇ?' ಎಂದರ್ಥ, ನಮ್ಮ ಹವ್ಯಕರ 'ಹೋಪನೋ?' ಇದ್ದ ಹಾಗೆ! ಒಂದೊಂದು ಪ್ರಾಂತಕ್ಕೂ ತನ್ನದೇ ಕಾರ್ಡು, ತನ್ನದೇ ಹೆಸರು, ತನ್ನದೇ ಹೆಮ್ಮೆ. 2004ರ ಆಗಸ್ಟಿನಲ್ಲಿ ಸುಯಿಕಾ, ಇಕೋಕಾ ಒಂದನ್ನೊಂದು ಒಪ್ಪಿದವು. 2007ರಲ್ಲಿ ಟೋಕಿಯೋದ ಖಾಸಗಿ ರೈಲು, ಬಸ್ಸುಗಳ 'ಪಾಸ್ಮೋ' ಬಂದಾಗ ಮೊದಲ ದಿನದಿಂದಲೇ ಸುಯಿಕಾದ ಜತೆ ಹೊಂದಿಕೊಂಡಿತು. ಕಾರ್ಡಿಗೆ ಎಷ್ಟು ಬೇಡಿಕೆ ಬಂತೆಂದರೆ ಒಂದೇ ತಿಂಗಳಲ್ಲಿ ಮಾರಾಟವನ್ನೇ ಮಿತಿಗೊಳಿಸಬೇಕಾಯಿತು. ಕೊನೆಗೆ 2013ರ ಮಾರ್ಚ್ 23ರಂದು ಹತ್ತು ಕಾರ್ಡುಗಳು ದೇಶವಿಡೀ ಪರಸ್ಪರ ನಡೆಯುವ ಹಾಗಾಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಹತ್ತನ್ನು ಅಳಿಸಿ ಒಂದು ಮಾಡಲಿಲ್ಲ. ಹೆಸರು, ಬಣ್ಣ, ಒಡೆತನ ಎಲ್ಲ ಹಾಗೇ ಉಳಿದವು. ಚಿಪ್ಪು ಒಂದೇ ಬಗೆಯದು, ಮಾಹಿತಿ ಬರೆಯುವ ಕ್ರಮ ಒಂದೇ. ಹಣದ ಹಂಚಿಕೆ ಕಂಪನಿಗಳ ನಡುವೆ ಆಮೇಲೆ. 1842ರ ಗುಮಾಸ್ತರ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ, ಅಷ್ಟೇ.

ಆದರೂ ಒಂದು ಕೊರತೆ ಉಳಿಯಿತು, ಅದು ನಮ್ಮಂಥ ಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಸುಯಿಕಾ ಟೋಕಿಯೋದಲ್ಲೂ ನಡೆಯುತ್ತದೆ, ನಗೋಯಾದಲ್ಲೂ ನಡೆಯುತ್ತದೆ. ಆದರೆ ಟೋಕಿಯೋದಲ್ಲಿ ಗೇಟು ಹೊಕ್ಕವರು ಅಟಾಮಿ ಸ್ಟೇಶನ್ನು ದಾಟಿ ಮಿಶಿಮಾದಲ್ಲಿ ಇಳಿದರೆ ಸಾಮಾನ್ಯ ಪ್ರಯಾಣಕ್ಕೆ ಅದು ಒದಗದು. ಅಟಾಮಿ ಎರಡು ಕಂಪನಿಗಳ ಗಡಿ. ಈಚೆಗೂ ಸಲ್ಲುತ್ತದೆ, ಆಚೆಗೂ ಸಲ್ಲುತ್ತದೆ, ದಾಟಲು ಮಾತ್ರ ಸಲ್ಲದು! ಗಡಿ ದಾಟಿ ದಿನವೂ ಓಡಾಡುವವರ ಪಾಸಿಗೆ ಅನುಕೂಲವಾದದ್ದು 2021ರ ಮಾರ್ಚಿನಲ್ಲಿ.

ಖರ್ಚಿನ ಮಾತೂ ಇದೆ. ಕುಮಾಮೊತೊ ಪ್ರಾಂತದ ಐದು ಬಸ್ಸು, ರೈಲು ಕಂಪನಿಗಳು ಯಂತ್ರ ಬದಲಾಯಿಸುವ ಖರ್ಚು ತಾಳಲಾರದೆ 2024ರ ನವೆಂಬರಿನಲ್ಲಿ ಈ ಕೂಟದಿಂದ ಹೊರಬಂದವು. ತಮ್ಮ ಊರಿನ ಕಾರ್ಡು ಉಳಿಸಿಕೊಂಡು, ಬ್ಯಾಂಕ್ ಕಾರ್ಡು ಮುಟ್ಟಿಸುವ ಅಗ್ಗದ ದಾರಿ ಹಿಡಿದವು.

ನಮ್ಮ ದೇಶ ಹಿಡಿದದ್ದೂ ಬ್ಯಾಂಕಿನ ದಾರಿಯೇ. ರುಪೇ ಆಧಾರದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡಿಗೆ 2019ರ ಮಾರ್ಚ್ 4ರಂದು ಅಹಮದಾಬಾದಿನಲ್ಲಿ ಚಾಲನೆ ಸಿಕ್ಕಿತು. 2023ರಲ್ಲಿ ಬೆಂಗಳೂರಿನ ನಮ್ಮ ಮೆಟ್ರೋಗೂ ಬಂತು. ಜಪಾನಿನವರು ಹಲವನ್ನು ಬೆಳೆಸಿ ಆಮೇಲೆ ಹೊಂದಿಸಿದರು. ನಾವು ಮೊದಲೇ ಒಂದು ಮಾದರಿ ಹಾಕಿಕೊಂಡು ಊರೂರಿಗೆ ಒಯ್ಯುತ್ತಿದ್ದೇವೆ.

ಯಾವ ದಾರಿಯಾದರೂ ಸರಿ, ಪರೀಕ್ಷೆ ನಡೆಯುವುದು ದೊಡ್ಡ ನಗರದ ನಡುವೆ ಅಲ್ಲ, ಒಂದು ಆಡಳಿತ ಮುಗಿದು ಇನ್ನೊಂದು ಶುರುವಾಗುವ ಸ್ಟೇಶನ್ನಿನಲ್ಲಿ. ದಿನವೂ ಆ ಗೆರೆ ದಾಟಿ ಶಾಲೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುವವರಿಗೆ ಕಾರ್ಡು ಒದಗಿತೇ ಎಂಬುದೇ ಮುಖ್ಯ. ಅಟಾಮಿಯ ಗೇಟು ಕಲಿಸುವ ಪಾಠ ಇದು.