ಶುಭಾಶಯ ಪತ್ರಗಳೂ ಸಣ್ಣ ಊರುಗಳ ಅಂಗಡಿಗಳೂ

ಹಬ್ಬದ ದಿನ ಒಬ್ಬರಿಗೊಬ್ಬರು ಶುಭವನ್ನು ಕೋರುವ ವಾಡಿಕೆಯು ನಮ್ಮ ನಾಡಿನಲ್ಲಿ ಪುರಾತನವಾದುದು. ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ವಿಜಯದಶಮಿಗೆ ಬನ್ನಿಯನ್ನೂ ಕೈಯಿಂದ ಕೈಗೆ ಕೊಟ್ಟು, ಹಿರಿಯರಿಗೆ ಎರಗಿ ಆಶೀರ್ವಾದವನ್ನು ಪಡೆಯುವುದು ಪದ್ಧತಿ. ಇದರಲ್ಲಿ ಅಂಗಡಿಗೆ ಸಲ್ಲುತ್ತಿದ್ದುದು ಎಳ್ಳುಬೆಲ್ಲಗಳ ಬೆಲೆ ಮಾತ್ರ. ಇಂತಹ ಶುಭಾಶಯವು ಚಿತ್ರಪತ್ರವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳಲ್ಲಿ ಮಾರಾಟದ ಸರಕಾದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಇಂಗ್ಲೆಂಡಿನಲ್ಲಿ ಅಗ್ಗದ ಅಂಚೆಯು 1840ರಲ್ಲಿ ಮೊದಲಾಯಿತು. ಅದಕ್ಕಾಗಿ ದುಡಿದವರಲ್ಲೊಬ್ಬನಾದ ಹೆನ್ರಿ ಕೋಲ್ ಎಂಬಾತನೇ 1843ರಲ್ಲಿ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಕ್ರಿಸ್‌ಮಸ್ ಪತ್ರವನ್ನು ಬರೆಯಿಸಿ, ಒಂದೊಂದನ್ನು ಒಂದು ಷಿಲಿಂಗಿಗೆ ಮಾರಿಸಿದನು. ಅಂಚೆಯು ಮುಂದೆ, ಚಿತ್ರಪತ್ರವು ಅದರ ಹಿಂದೆ. ನಮ್ಮಲ್ಲಿಯೂ ಇದೇ ಕ್ರಮ. 1879ನೆಯ ಜುಲೈ 1ರಂದು ಕಾಲಾಣೆಯ ಅಂಚೆಕಾರ್ಡು ಹಿಂದೂದೇಶದಲ್ಲಿ ಬಳಕೆಗೆ ಬಂದಿತು; 1889ರಲ್ಲಿ ಮೈಸೂರು ಸಂಸ್ಥಾನದ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ರಾಜಾ ರವಿವರ್ಮನ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ದೇವತೆಗಳ ಬಣ್ಣದ ಪಟಗಳನ್ನು ಮನೆಮನೆಗೆ ಮುಟ್ಟಿಸಿತು. ಮದರಾಸು, ಬೆಂಗಳೂರುಗಳಲ್ಲಿ ಹಿಗ್ಗಿನ್‌ಬಾತಮ್ಸ್ ಪುಸ್ತಕದಂಗಡಿಯವರು ಚಿತ್ರದ ಕಾರ್ಡುಗಳನ್ನು ಮಾರಿದರು.

ಮೇಲ್ಕಂಡ ನಾಲ್ಕು ಊರುಗಳಿಗೂ ರೈಲು ಬಂದುದಿಲ್ಲ. ದಾವಣಗೆರೆ, ಶಿವಮೊಗ್ಗಗಳಲ್ಲಿ ಇಳಿದ ಸರಕು ರಸ್ತೆಯ ಮಾರ್ಗವಾಗಿಯೇ ಬರಬೇಕಾಗಿತ್ತು. ಪುಸ್ತಕ, ಸ್ಲೇಟು, ಮಸಿಕುಡಿಕೆಗಳನ್ನು ಮಾರುವ ವ್ಯಾಪಾರಿಗೆ ಶುಭಾಶಯ ಪತ್ರವು ಲಾಭದ ವಸ್ತುವಾದಂತೆಯೇ ಅಪಾಯದ ವಸ್ತುವೂ ಆಗಿತ್ತು. ಬೆಲ್ಲ ಈ ವಾರ ಮಾರದಿದ್ದರೆ ಮುಂದಿನ ವಾರ ಮಾರೀತು. ಇಸವಿಯನ್ನು ಮುದ್ರಿಸಿದ ಹೊಸವರ್ಷದ ಕಾರ್ಡು ಜನವರಿ ಕಳೆದೊಡನೆ ರದ್ದಿಯ ಕಾಗದ. ಆದುದರಿಂದ ಇಸವಿಯಿಲ್ಲದ ದೇವರ ಪಟ, ಹೂವಿನ ಚಿತ್ರಗಳ ಕಾರ್ಡುಗಳನ್ನು ಕೊಳ್ಳುವುದು ವ್ಯಾಪಾರಿಗೆ ಜಾಣತನವಾಗಿತ್ತು.

ಇವುಗಳಿಗೆ ಗಿರಾಕಿಯನ್ನು ತಂದುದು ಕೇವಲ ಷೋಕಿಯೆಂದು ತಿಳಿಯುವುದು ಸರಿಯಲ್ಲ. ಮಗನು ಓದಿಗೆ ಬೆಂಗಳೂರಿಗೆ ಹೋದನು. ಮಗಳು ದೂರದ ಊರಿಗೆ ಸೊಸೆಯಾಗಿ ಹೋದಳು. ನೌಕರಿಯು ಅಣ್ಣತಮ್ಮಂದಿರನ್ನು ಚೆದರಿಸಿತು. ಎಳ್ಳನ್ನು ಕೈಯಲ್ಲಿಡಲಾಗದ ಕಡೆಗೆ ಪತ್ರವು ಹೋಯಿತು. ಉತ್ತರದ ಜಿಲ್ಲೆಗಳಲ್ಲಿ ಲಕೋಟೆಯೊಳಗೆ ನಾಲ್ಕು ಕುಸುರೆಳ್ಳನ್ನಿಟ್ಟು ಕಳುಹುವ ರೂಢಿಯೇ ಇದಕ್ಕೆ ಸಾಕ್ಷಿ. ಅಂಟಿಸದ ಲಕೋಟೆಗೆ ಅಂಚೆಯ ದರವು ಕಡಿಮೆಯಾಗಿದ್ದುದು ಬಡ ಸಂಸಾರಗಳಿಗೂ ಅನುಕೂಲವಾಯಿತು.

ಕೈಫೋನು ಬಂದ ಮೇಲೆ ಈ ವ್ಯಾಪಾರವು ಕುಗ್ಗಿತು. ಫೋನಿನ ಶುಭಾಶಯಕ್ಕೆ ಖರ್ಚಿಲ್ಲ, ವಿಳಂಬವಿಲ್ಲ. ಆದರೆ ಪೆಟ್ಟಿಗೆಯಲ್ಲಿ ಉಳಿಯುವುದೂ ಏನಿಲ್ಲ. ಹಳೆಯ ಕಾರ್ಡಿನ ಹಿಂಬದಿಯಲ್ಲಿ ಅಜ್ಜನ ಕೈಬರಹ, ಅಂಚೆಯ ಮುದ್ರೆ, ತಾರೀಖು ಇವೆ. ಚನ್ನಗಿರಿ, ಹೊನ್ನಾಳಿಗಳ ವಿಳಾಸದಲ್ಲಿ ಶಿವಮೊಗ್ಗ ಜಿಲ್ಲೆಯೆಂದೂ, ಜಗಳೂರಿನದರಲ್ಲಿ ಚಿತ್ರದುರ್ಗ ಜಿಲ್ಲೆಯೆಂದೂ ಇದ್ದರೆ, ಅದು 1997ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆಯು ಹುಟ್ಟುವುದಕ್ಕೆ ಮುಂಚಿನ ರೂಢಿಯೆಂದು ತಿಳಿಯಬೇಕು. ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ಅರಸರ ಚರಿತ್ರೆಗೆ ಶಾಸನಗಳಿವೆ. ಸಂಸಾರಗಳ ಚರಿತ್ರೆಗೆ ಇಂತಹ ಕಾಗದಗಳೇ ಶಾಸನ. ಮನೆಯನ್ನು ಸುಣ್ಣಬಣ್ಣ ಮಾಡಿಸುವಾಗ ಇವನ್ನು ರದ್ದಿಗೆ ಹಾಕುವ ಮುನ್ನ ಗೃಹಸ್ಥರು ಒಮ್ಮೆ ತಿರುಗಿಸಿ ಓದುವುದು ಒಳ್ಳೆಯದು.