ರಸ್ತೆಯ ಸಾವಿನ ಲೆಕ್ಕ

ಕನಕಪುರದಿಂದ ಸಂಗಮಕ್ಕೆ ಹೋಗಿದ್ದೀರಾ? ಆ ದಾರಿ ಕೊನೆಗೆ ಕಾವೇರಿ ವನ್ಯಜೀವಿಧಾಮದ ಕಾಡನ್ನು ಹೊಗುತ್ತದೆ. ಇಂಥ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಕಪ್ಪೆಯನ್ನೋ ಹಾವನ್ನೋ ಕಂಡರೆ ನಾವು ಮುಖ ತಿರುಗಿಸುತ್ತೇವೆ. ಆದರೆ ನಿಂತು ಎಣಿಸಿದವರೂ ಇದ್ದಾರೆ.

1924ರ ಬೇಸಿಗೆಯಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಡೇಟನ್ ಸ್ಟೋನರ್ ಮತ್ತು ಅವರ ಪತ್ನಿ ಲಿಲಿಯನ್ ಅಯೋವಾ ರಾಜ್ಯದಲ್ಲಿ ಕಾರಿನಲ್ಲಿ 632 ಮೈಲಿ, ಅಂದರೆ ಸುಮಾರು 1,017 ಕಿ.ಮೀ. ಪ್ರಯಾಣ ಮಾಡಿದರು. ದಾರಿಯುದ್ದಕ್ಕೂ ಸತ್ತುಬಿದ್ದಿದ್ದ 29 ಪ್ರಭೇದಗಳ 225 ಕಶೇರುಕಗಳನ್ನು ಪಟ್ಟಿಮಾಡಿದರು. ಮರುವರ್ಷ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ದೂರವನ್ನೂ ಬರೆದಿಟ್ಟಿದ್ದರಿಂದಲೇ, ಪ್ರತಿ ನಾಲ್ಕೂವರೆ ಕಿ.ಮೀ.ಗೆ ಒಂದು ಸಾವು ಎಂದು ಶತಮಾನದ ನಂತರವೂ ನೀವು ಭಾಗಿಸಿ ನೋಡಬಹುದು. ಬರೀ 225 ಎಂದಿದ್ದರೆ ಏನು ತಿಳಿಯುತ್ತಿತ್ತು?

ನಮ್ಮಲ್ಲಿ ಶರಾವತಿ ಕಣಿವೆಯ ರಸ್ತೆಗಳಲ್ಲಿ ಸತ್ತ ಉಭಯವಾಸಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸತ್ತ ಪ್ರಾಣಿಗಳ ದಾಖಲೆ ಅಲ್ಲಿ ವಾದಕ್ಕೆ ಬಲವಾಗಿತ್ತು.

ಈ ಲೆಕ್ಕ ಯಾವಾಗಲೂ ಕಡಿಮೆಯೇ. ಕಾಗೆ, ನಾಯಿಗಳು ಕಳೇಬರವನ್ನು ಬೇಗ ಎತ್ತಿಬಿಡುತ್ತವೆ; ಪುಟ್ಟ ಕಪ್ಪೆ ಟೈರಿಗಂಟಿ ಹೋಗುತ್ತದೆ, ಇಲ್ಲವೇ ಮಳೆಗೆ ಕೊಚ್ಚಿಹೋಗುತ್ತದೆ. ಸ್ವಯಂಸೇವಕರು ಹೆಚ್ಚು ಓಡಾಡುವ ರಸ್ತೆಯಲ್ಲೇ ಸಾವೂ ಹೆಚ್ಚೆಂದು ಕಾಣುವ ತೊಡಕು ಬೇರೆ! ಇಂದು ಮೊಬೈಲಿನ ಚಿತ್ರವೇ ಸ್ಥಳ, ಸಮಯ ಹೇಳೀತು. ಏನೂ ಸಿಗದ ದಿನವನ್ನು ಮಾತ್ರ ಅದು ಹೇಳದು. ನಿಮ್ಮ ವಿದ್ಯಾರ್ಥಿಗಳು ಇಂಥ ಪಟ್ಟಿ ಮಾಡುವುದಾದರೆ ಅಂದು ಕ್ರಮಿಸಿದ ದೂರವನ್ನು ಬರೆದು, ಎದುರಿಗೆ ಸೊನ್ನೆ ಹಾಕಲಿ.